ಫಿಲ್ಮ್ ಕ್ಯಾಮೆರಾಕ್ಕೆ ಹೊಂದುತ್ತದೆಂದು ಮಾರಿದ ಜೂಮ್ ಲೆನ್ಸ್‌ನ ಅಪರ್ಚರ್ ಕೆಲಸ ಮಾಡದಿರುವ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: 100–400 ಮಿ.ಮೀ. ಜೂಮ್ ಲೆನ್ಸ್‌ನ ಅಪರ್ಚರ್ (ಬೆಳಕು ಒಳಬರುವ, ಹಿಗ್ಗಿಸಿ ಕುಗ್ಗಿಸಬಲ್ಲ ತೆರಪು) ಫಿಲ್ಮ್ ಕ್ಯಾಮೆರಾದಲ್ಲಿ ಮುಚ್ಚಿಕೊಳ್ಳದಿರುವುದು, ಮತ್ತು ದೂರನ್ನು ಸರಿಯಾಗಿ ಪರಿಶೀಲಿಸದೆ ಲೆನ್ಸನ್ನು ಹಿಂತಿರುಗಿಸಿರುವುದು.

ಮಾನ್ಯರೇ,

ನಿಮ್ಮ ಸಂಸ್ಥೆಯ 100–400 ಮಿ.ಮೀ., ಎಫ್/4.5–5.6 ಜೂಮ್ ಲೆನ್ಸನ್ನು ನಾನು ಖರೀದಿಸಿದ್ದು ನನ್ನ 35 ಮಿ.ಮೀ. ಫಿಲ್ಮ್ ಕ್ಯಾಮೆರಾದಲ್ಲಿ ಪಕ್ಷಿಗಳ ಮತ್ತು ಪ್ರವಾಸದ ಚಿತ್ರಗಳನ್ನು ತೆಗೆಯುವುದಕ್ಕಾಗಿಯೇ. ಖರೀದಿಗೆ ಮುನ್ನ ಕ್ಯಾಮೆರಾದ ಮಾದರಿಯನ್ನು ಸ್ಪಷ್ಟವಾಗಿ ತಿಳಿಸಿ ನಿಮ್ಮ ಮಾರಾಟ ವಿಭಾಗಕ್ಕೆ ಬರೆದು ಕೇಳಿದ್ದೆ. ಇದೇ ಮೌಂಟ್ (ಲೆನ್ಸ್ ಕೂರುವ ಜೋಡಣೆ) ಇರುವ ಫಿಲ್ಮ್ ಮತ್ತು ಡಿಜಿಟಲ್ ಕ್ಯಾಮೆರಾಗಳೆರಡಕ್ಕೂ ಲೆನ್ಸ್ ಹೊಂದುತ್ತದೆ ಎಂಬ ಉತ್ತರ ಬಂದಿತ್ತು. ನಿಮ್ಮ ಕ್ಯಾಟಲಾಗ್‌ನಲ್ಲಿಯೂ ಅದೇ ಮಾತಿದೆ. ಲೆನ್ಸ್ ಕ್ಯಾಮೆರಾಕ್ಕೆ ಸರಿಯಾಗಿ ಕೂರುತ್ತದೆ, ಫೋಕಸ್ ಆಗುತ್ತದೆ, ವ್ಯೂಫೈಂಡರ್‌ನಲ್ಲಿ ಚಿತ್ರ ಬೆಳಕಾಗಿ ಕಾಣುತ್ತದೆ, ಬೆಳಕು ಅಳೆಯುವ ಮೀಟರ್ ಕೂಡ ಅಂಕಿ ತೋರಿಸುತ್ತದೆ. ಆದರೆ ಶಟರ್ ಒತ್ತಿದಾಗ ಅಪರ್ಚರ್ ಮುಚ್ಚಿಕೊಳ್ಳುವುದೇ ಇಲ್ಲ. ಯಾವ ಎಫ್ ಅಂಕಿಗೆ (ಅಂಕಿ ದೊಡ್ಡದಾದಷ್ಟೂ ತೆರಪು ಚಿಕ್ಕದು) ಹೊಂದಿಸಿದರೂ ಅದು ಪೂರ್ತಿ ತೆರೆದೇ ಇರುತ್ತದೆ.

ಇದು ಬೆಳಕಿಗೆ ಬಂದದ್ದು ಸ್ಲೈಡ್ ಫಿಲ್ಮ್ (ಪರದೆಯ ಮೇಲೆ ನೇರವಾಗಿ ತೋರಿಸಬಹುದಾದ ಪಾರದರ್ಶಕ ಚಿತ್ರ ಕೊಡುವ ಫಿಲ್ಮ್) ಸಂಸ್ಕರಣೆಯಾಗಿ ಬಂದ ಮೇಲೆ. ಡಿಜಿಟಲ್ ಕ್ಯಾಮೆರಾ ಆಗಿದ್ದರೆ ಮೊದಲ ಚಿತ್ರದಲ್ಲೇ ಗೊತ್ತಾಗುತ್ತಿದ್ದ ದೋಷವಿದು. ಫಿಲ್ಮ್‌ನಲ್ಲಿ ಹಾಗಲ್ಲ, ಪ್ರವಾಸ ಮುಗಿದು, ರೋಲ್‌ಗಳು ಲ್ಯಾಬ್‌ಗೆ ಹೋಗಿ, ಅಲ್ಲಿಂದ ಹಿಂತಿರುಗುವವರೆಗೆ ತಿಳಿಯುವ ದಾರಿಯಿಲ್ಲ, ಅಷ್ಟರಲ್ಲಿ ಹಕ್ಕಿ, ಋತು, ಬೆಳಕು ಮೂರೂ ಹೋಗಿರುತ್ತವೆ. ಆದ್ದರಿಂದಲೇ ಫಿಲ್ಮ್ ಬಳಸುವವರಿಗೆ ಕೊಡುವ ಭರವಸೆಯಲ್ಲಿ ನಿಮ್ಮ ಹೊಣೆ ಇನ್ನೂ ಹೆಚ್ಚು ಎಂದು ನಾನು ಭಾವಿಸುತ್ತೇನೆ.

ನಿಮ್ಮ ಸೇವಾ ಕೇಂದ್ರವು ಲೆನ್ಸನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಪರೀಕ್ಷಿಸಿ, ದೋಷವಿಲ್ಲವೆಂದು ಬರೆದು, ತೊಂದರೆ ಲ್ಯಾಬ್‌ನದ್ದೋ ನನ್ನ ಕ್ಯಾಮೆರಾದ ಹಳೆಯ ಶಟರ್‌ನದ್ದೋ ಇರಬಹುದೆಂದು ಷರಾ ಹಾಕಿ ಕಳುಹಿಸಿದೆ. ಈ ಷರಾವನ್ನು ನಾನು ಒಪ್ಪಲಾರೆ. ಕಾರಣ ಸ್ಲೈಡ್‌ಗಳಲ್ಲೇ ಇದೆ.

ಪಕ್ಷಿಗಳ ಚಿತ್ರಗಳನ್ನು ನಾನು ಹೆಚ್ಚಾಗಿ 400 ಮಿ.ಮೀ.ನಲ್ಲಿ, ಎಫ್/5.6ಕ್ಕೆ ತೆರೆದು ತೆಗೆದಿದ್ದೇನೆ. ಅವೆಲ್ಲದರಲ್ಲಿಯೂ ಎಕ್ಸ್‌ಪೋಷರ್ ಸರಿಯಾಗಿದೆ, ಗರಿಯ ಎಳೆಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಅದೇ 400 ಮಿ.ಮೀ.ನಲ್ಲಿ ಎಫ್/11ಕ್ಕೆ ಹೊಂದಿಸಿ ತೆಗೆದ ಚಿತ್ರಗಳಿಗೆ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು ಹೆಚ್ಚಾಗಿ ಬಿದ್ದಿದೆ. 100 ಮಿ.ಮೀ.ಗೆ ಜೂಮ್ ತಂದು, ಅದೇ ಎಫ್/11ರಲ್ಲಿ ತೆಗೆದ ಬೆಟ್ಟ, ಕೆರೆ, ಊರುಗಳ ಚಿತ್ರಗಳಂತೂ ಇನ್ನೂ ಬಿಳಿಚಿಕೊಂಡಿವೆ, ಏಕೆಂದರೆ ಆ ತುದಿಯಲ್ಲಿ ಲೆನ್ಸ್‌ನ ಪೂರ್ಣ ತೆರಪು ಎಫ್/4.5, ಅಲ್ಲಿಂದ ಎಫ್/11ಕ್ಕೆ ಎರಡೂವರೆ ಸ್ಟಾಪ್‌ಗೂ ಮೀರಿದ ಅಂತರವಿದೆ, ಬೆಳಕಿನ ಲೆಕ್ಕದಲ್ಲಿ ಆರು ಪಟ್ಟು. ದೋಷವು ಶಟರ್‌ನದ್ದಾಗಿದ್ದರೆ ಪಕ್ಷಿಗಳ ಚಿತ್ರಗಳೂ ಕೆಡಬೇಕಾಗಿತ್ತು. ಲ್ಯಾಬ್‌ನದ್ದಾಗಿದ್ದರೆ ಒಂದೇ ರೋಲ್‌ನಲ್ಲಿ ಅಕ್ಕಪಕ್ಕದ ಫ್ರೇಮುಗಳು ಒಂದು ಸರಿ, ಒಂದು ತಪ್ಪು ಎಂದು ಬರುವುದಿಲ್ಲ. ಫೋಟೊಗ್ರಾಫರ್ ಯಾವ ಫ್ರೇಮಿಗೆ ಎಷ್ಟು ಜೂಮ್ ಮಾಡಿದ್ದ ಎಂಬುದು ಲ್ಯಾಬ್‌ನ ರಾಸಾಯನಿಕಕ್ಕೆ ತಿಳಿಯುವ ಸಂಗತಿಯೇ ಅಲ್ಲ. ಅದೇ ರೋಲ್‌ನಲ್ಲಿ ನನ್ನ ಹಳೆಯ 50 ಮಿ.ಮೀ. ಲೆನ್ಸ್‌ನಿಂದ ಎಫ್/11ರಲ್ಲಿ ತೆಗೆದ ಫ್ರೇಮುಗಳು ನಿರ್ದೋಷವಾಗಿವೆ. ಇವೆಲ್ಲವನ್ನೂ ಈ ಪತ್ರದ ಜೊತೆ ಕಳುಹಿಸುತ್ತಿದ್ದೇನೆ. ದಯವಿಟ್ಟು ಲೈಟ್ ಬಾಕ್ಸ್ ಮೇಲಿಟ್ಟು ನೋಡಿ.

ಕಾರಣವೂ ನಿಗೂಢವಲ್ಲ. ನನ್ನ ಕ್ಯಾಮೆರಾ ಲೆನ್ಸ್‌ನ ಹಿಂಭಾಗದ ಸಣ್ಣ ಸನ್ನೆಯೊಂದನ್ನು (ಲಿವರ್) ಸರಿಸುವ ಮೂಲಕ ಅಪರ್ಚರ್ ಮುಚ್ಚುತ್ತದೆ. ನಿಮ್ಮ ಈ ಲೆನ್ಸ್‌ನಲ್ಲಿ ಆ ಸನ್ನೆಯೇ ಇಲ್ಲ. ಇದರ ಅಪರ್ಚರ್ ವಿದ್ಯುತ್ ಸಂಕೇತದಿಂದ ನಡೆಯುವಂಥದ್ದು, ಆ ಸಂಕೇತವನ್ನು ಕಳುಹಿಸುವ ಏರ್ಪಾಡು ನನ್ನ ಕ್ಯಾಮೆರಾದಲ್ಲಿಲ್ಲ. ಮೀಟರ್ ತೆರೆದ ಲೆನ್ಸ್‌ನಲ್ಲಿ ಬೆಳಕನ್ನು ಅಳೆದು, ಚಿತ್ರದ ಹೊತ್ತಿಗೆ ಅಪರ್ಚರ್ ಎಫ್/11ಕ್ಕೆ ಇಳಿಯುತ್ತದೆಂದು ನಂಬಿ ಶಟರ್ ವೇಗವನ್ನು ಲೆಕ್ಕ ಹಾಕುತ್ತದೆ. ಇಳಿಯಬೇಕಾದದ್ದು ಇಳಿಯದಿದ್ದಾಗ ಆ ಲೆಕ್ಕ ತಪ್ಪುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಯಾವ ಉಪಕರಣವೂ ಬೇಡ: ಫಿಲ್ಮ್ ಹಾಕದ ಕ್ಯಾಮೆರಾಕ್ಕೆ ಈ ಲೆನ್ಸನ್ನು ಜೋಡಿಸಿ, ಹಿಂಬಾಗಿಲು ತೆರೆದು, ಎಫ್/16ಕ್ಕೆ ಹೊಂದಿಸಿ, ಶಟರನ್ನು ಬಿ ಸ್ಥಾನದಲ್ಲಿಟ್ಟು (ಗುಂಡಿ ಒತ್ತಿರುವವರೆಗೂ ಅದು ತೆರೆದಿರುತ್ತದೆ) ಗುಂಡಿಯನ್ನು ಒತ್ತಿಹಿಡಿದು ನೋಡಿದರೆ ಸಣ್ಣ ರಂಧ್ರ ಕಾಣಬೇಕಾದ ಜಾಗದಲ್ಲಿ ಪೂರ್ತಿ ತೆರೆದ ಗಾಜು ಕಾಣುತ್ತದೆ. ನಿಮ್ಮ ತಂತ್ರಜ್ಞರು ಇಷ್ಟನ್ನು ಮಾಡಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ.

ತೆರೆದ ಅಪರ್ಚರ್‌ನಲ್ಲೇ ಬಳಸಬಹುದಲ್ಲವೇ ಎಂದು ನಿಮ್ಮ ಪ್ರತಿನಿಧಿ ದೂರವಾಣಿಯಲ್ಲಿ ಕೇಳಿದರು. ಬಳಸಲಾಗದು. ಫಿಲ್ಮ್‌ನಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ ಎಂಬುದು ರೋಲ್ ಹಾಕಿದ ಕ್ಷಣದಲ್ಲೇ ನಿಗದಿಯಾಗುತ್ತದೆ; ಆಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಶಟರ್ ಮತ್ತು ಅಪರ್ಚರ್ ಎರಡೇ. ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಲು ಚಿಕ್ಕ ಅಪರ್ಚರ್ ಬೇಕು; ಅದನ್ನೇ ಕಿತ್ತುಕೊಂಡರೆ ಪಕ್ಷಿಗಳ ಗುಂಪನ್ನಾಗಲಿ, ಹತ್ತಿರದ ಬಂಡೆಯಿಂದ ದೂರದ ಬೆಟ್ಟದವರೆಗಿನ ದೃಶ್ಯವನ್ನಾಗಲಿ ಸ್ಪಷ್ಟವಾಗಿ ಹಿಡಿಯಲು ಬರುವುದಿಲ್ಲ. ಐಎಸ್‌ಒ 400ರ ಫಿಲ್ಮ್ ಹಾಕಿಕೊಂಡು ನಡುಹಗಲ ಬಿಸಿಲಿನಲ್ಲಿ ಎಫ್/5.6ರಲ್ಲಿ ತೆಗೆಯಬೇಕಾದರೆ 1/3000 ಸೆಕೆಂಡಿಗೂ ವೇಗವಾದ ಶಟರ್ ಬೇಕು. ಎಷ್ಟೋ ಫಿಲ್ಮ್ ಕ್ಯಾಮೆರಾಗಳು 1/1000 ಅಥವಾ 1/2000ಕ್ಕೆ ನಿಲ್ಲುತ್ತವೆ.

ಇನ್ನೊಂದು ಮಾತು. ಜೂಮ್ ಏಕೆ, ಒಂದೇ ಅಳತೆಯ ಲೆನ್ಸ್‌ಗಳನ್ನು ಬಳಸಬಹುದಿತ್ತು ಎಂಬ ಸಲಹೆಯೂ ಬಂತು. ಸ್ಲೈಡ್ ತೆಗೆಯುವವರು ಚೌಕಟ್ಟನ್ನು ಕ್ಯಾಮೆರಾದಲ್ಲೇ ಪೂರ್ಣಗೊಳಿಸಬೇಕಾಗುತ್ತದೆ. ಪರದೆಯ ಮೇಲೆ ಬೀಳುವುದು ಸೆರೆಹಿಡಿದ ಆ 36 × 24 ಮಿ.ಮೀ. ಚಿತ್ರವೇ. ಹಕ್ಕಿ ಒಂದು ಕೊಂಬೆಯಿಂದ ಹತ್ತಿರದ ಇನ್ನೊಂದು ಕೊಂಬೆಗೆ ಹಾರಿದಾಗ ಲೆನ್ಸ್ ಬದಲಿಸುವಷ್ಟು ಹೊತ್ತು ಅದು ಕಾಯುವುದಿಲ್ಲ. ಹೆಗಲ ಮೇಲಿನ ಒಂದೇ ಚೀಲದಲ್ಲಿ ಪ್ರವಾಸ ಮಾಡುವವರಿಗೆ ಈ ಅಳತೆಯ ಜೂಮ್ ಎಂಬುದು ಶೋಕಿಯಲ್ಲ. ಅದನ್ನು ನಂಬಿಯೇ ನಿಮ್ಮ ಲೆನ್ಸನ್ನು ಆರಿಸಿಕೊಂಡೆ, ಅದರ ಗಾಜಿನ ಗುಣಮಟ್ಟದ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಆದ್ದರಿಂದ ಲೆನ್ಸನ್ನು ಹಿಂಪಡೆದು ಪೂರ್ತಿ ಹಣವನ್ನು ಮರಳಿಸಬೇಕೆಂದೂ, ಲ್ಯಾಬ್ ಮತ್ತು ಕ್ಯಾಮೆರಾದ ಮೇಲೆ ಹೊರಿಸಿರುವ ಷರಾವನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಬೇಕೆಂದೂ ಕೋರುತ್ತೇನೆ. ಹಾಳಾದ ರೋಲ್‌ಗಳ ಮತ್ತು ಸಂಸ್ಕರಣೆಯ ವೆಚ್ಚದ ರಸೀದಿಗಳನ್ನೂ ಲಗತ್ತಿಸಿದ್ದೇನೆ, ಅದನ್ನೂ ಭರಿಸುವುದು ನ್ಯಾಯ. ಇದೇ ಲೆನ್ಸ್‌ನ ಬದಲಿ ಪ್ರತಿ ನನಗೆ ಬೇಡ, ಏಕೆಂದರೆ ದೋಷವಿರುವುದು ಈ ಒಂದು ಪ್ರತಿಯಲ್ಲಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಟಲಾಗ್‌ನಲ್ಲಿರುವ ‘ಹೊಂದುತ್ತದೆ’ ಎಂಬ ಒಂದೇ ಪದದ ಬದಲಿಗೆ, ಯಾವ ಯಾವ ಫಿಲ್ಮ್ ಕ್ಯಾಮೆರಾಗಳಲ್ಲಿ ಅಪರ್ಚರ್ ನಡೆಯುತ್ತದೆ, ಯಾವುದರಲ್ಲಿ ಆಟೋಫೋಕಸ್, ಯಾವುದರಲ್ಲಿ ಕಂಪನ ತಡೆ ಎಂಬುದನ್ನು ಪ್ರತ್ಯೇಕವಾಗಿ ಮುದ್ರಿಸಬೇಕು. ಫಿಲ್ಮ್ ಬಳಸುವ ಗ್ರಾಹಕರಿಂದ ದೂರು ಬಂದಾಗ ಫಿಲ್ಮ್ ಕ್ಯಾಮೆರಾದಲ್ಲಿಯೇ ಪರೀಕ್ಷಿಸುವ ವ್ಯವಸ್ಥೆಯನ್ನೂ ಮಾಡಬೇಕು.

ಈ ಪತ್ರ ತಲುಪಿದ 30 ದಿನಗಳೊಳಗೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ. ಉತ್ತರ ಬಾರದಿದ್ದಲ್ಲಿ, ಮಾರಾಟ ವಿಭಾಗದ ಪತ್ರ, ಸೇವಾ ಕೇಂದ್ರದ ಷರಾ ಮತ್ತು ಸ್ಲೈಡ್‌ಗಳ ಸಮೇತ ಗ್ರಾಹಕರ ದೂರುಗಳನ್ನು ವಿಚಾರಿಸುವ ಪ್ರಾಧಿಕಾರದ ಮುಂದೆ ಹೋಗುವುದು ನನಗೆ ಅನಿವಾರ್ಯವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)