ಅಮ್ಮನ ‘ಪರವಾಗಿಲ್ಲ’ದ ಅರ್ಥ ಹಿಡಿದ ಸಿಸ್ಟರ್‌ಗಳಿಗೆ

ನನ್ನ ತಾಯಿಗೆ 78 ವರ್ಷ. ಮೂರು ತಿಂಗಳ ಹಿಂದೆ ಡೊಂಬಿವಲಿಯ ನಮ್ಮ ಮನೆಯ ಬಚ್ಚಲಿನಲ್ಲಿ ಜಾರಿ ಬಿದ್ದು, ಸೊಂಟದ ಕೀಲಿನ ಬಳಿ ತೊಡೆಯ ಮೂಳೆ ಮುರಿದುಕೊಂಡು, ಮುಂಬಯಿಯ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅವರು ಅಲ್ಲಿ 16 ದಿನ ಇದ್ದರು. ಕಳೆದ ವಾರ ವಾಕರಿನ ಆಸರೆಯಲ್ಲಿ ಒಬ್ಬರೇ ಅಡುಗೆಮನೆಗೆ ನಡೆದು ಬಂದು, ಒಲೆಯ ಮೇಲಿದ್ದ ಗಂಜಿಯನ್ನು ತಾವೇ ಕದಡಿದರು. ವೈದ್ಯರಿಗೆ ನಾವು ಎದುರಿಗೇ ಕೈಮುಗಿದು ಬಂದಿದ್ದೆವು. ಆದರೆ ಪಾಳಿಯಿಂದ ಪಾಳಿಗೆ ಬದಲಾಗುತ್ತಿದ್ದ ಆ ವಾರ್ಡಿನ ಸಿಸ್ಟರ್‌ಗಳೆಲ್ಲರಿಗೂ ಹಾಗೆ ಹೇಳಲು ಆಗಲಿಲ್ಲವಾದ್ದರಿಂದ ಈ ಬರಹ ಅವರಿಗಾಗಿ.

ಅಮ್ಮ ಹೊನ್ನಾವರದ ಕಡೆಯವರು. ತಮ್ಮಿಂದ ಯಾರಿಗೂ ತೊಂದರೆಯಾಗಬಾರದು ಎಂದು ಬಾಳಿದವರು. ಸೊನ್ನೆಯಿಂದ ಹತ್ತರವರೆಗಿನ ಅಂಕೆಯಲ್ಲಿ ನೋವು ಎಷ್ಟಿದೆ ಎಂದು ಕೇಳಿದಾಗಲೆಲ್ಲ ಅವರು ಕೊಟ್ಟದ್ದು ಒಂದೇ ಉತ್ತರ: “ಪರವಾಗಿಲ್ಲ.” ನಾನು ಅದನ್ನು ಮರಾಠಿಯಲ್ಲಿ ಹಾಗೆಯೇ ದಾಟಿಸುತ್ತಿದ್ದೆ. ಶಸ್ತ್ರಚಿಕಿತ್ಸೆಯ ಮರುದಿನ ಬೆಳಗಿನ ಪಾಳಿಯ ಸಿಸ್ಟರ್, ಮಗ್ಗುಲು ಬದಲಿಸುವಾಗ ಅಮ್ಮ ಉಸಿರು ಬಿಗಿಹಿಡಿಯುವುದನ್ನೂ ಮಂಚದ ಸರಳನ್ನು ಬೆರಳು ಬಿಳಿಚುವಷ್ಟು ಅದುಮುವುದನ್ನೂ ಗಮನಿಸಿ, “ಆಜಿ ಬಾಯಲ್ಲಿ ಹೇಳುವುದಿಲ್ಲ, ಅವರ ಕೈ ನೋಡಿ” ಎಂದರು. ವೈದ್ಯರೊಂದಿಗೆ ಮಾತಾಡಿ, ಫಿಸಿಯೋಥೆರಪಿಗೆ ಅರ್ಧ ಗಂಟೆ ಮೊದಲೇ ನೋವಿನ ಔಷಧಿ ಸಿಗುವಂತೆ ಮಾಡಿದರು. ಪಾಳಿ ಮುಗಿಸಿ ಹೊರಡುವಾಗ ಮುಂದಿನವರಿಗೆ ಮಂಚದ ಬಳಿಯಲ್ಲೇ ನಿಂತು ಅದನ್ನು ತಿಳಿಸಿದರು. ಅಂದಿನಿಂದ ರಾತ್ರಿಯವರೂ ಅಮ್ಮನ ಮಾತಿಗಿಂತ ಮೊದಲು ಮುಷ್ಟಿಯನ್ನು ನೋಡುತ್ತಿದ್ದರು. ಮಗಳಾದ ನನಗೆ ಐವತ್ತು ವರ್ಷಗಳಲ್ಲಿ ಹೊಳೆಯದಿದ್ದುದನ್ನು ಅವರು ಒಂದು ಬೆಳಗ್ಗೆಯಲ್ಲಿ ಓದಿಕೊಂಡರು.

ಕೇರಳದಿಂದ ಬಂದ ಇನ್ನೊಬ್ಬ ಸಿಸ್ಟರ್ ನನ್ನಿಂದ ನೀರು, ನೋವು, ಮಗ್ಗುಲು, ಮೂತ್ರ ಎಂಬ ನಾಲ್ಕು ಕನ್ನಡ ಪದಗಳನ್ನು ಕೇಳಿ ಬರೆದುಕೊಂಡರು. ಮುಟ್ಟುವ ಮೊದಲು ಏನು ಮಾಡುತ್ತೇನೆಂದು ಹೇಳುತ್ತಿದ್ದರು, ಬೆಡ್ ಪ್ಯಾನ್ ಇಡುವಾಗ ಪರದೆ ಎಳೆಯಲು ಒಮ್ಮೆಯೂ ಮರೆಯಲಿಲ್ಲ. ಮೂರನೆಯ ರಾತ್ರಿ ಅಮ್ಮನಿಗೆ ಗೊಂದಲವಾಗಿ, ತಾವು ಊರಿನ ಮನೆಯಲ್ಲಿದ್ದೇವೆಂದು ಎದ್ದು ಹೊರಡಲು ಹವಣಿಸಿದಾಗ ನಾನು ಗಾಬರಿಗೊಂಡು ಗದರಿಬಿಟ್ಟೆ. ಸಿಸ್ಟರ್ ಗದರಲಿಲ್ಲ. ವಯಸ್ಸಾದವರಿಗೆ ಶಸ್ತ್ರಚಿಕಿತ್ಸೆಯ ನಂತರ ಹೀಗಾಗುವುದುಂಟೆಂದು ನನಗೆ ತಿಳಿಸಿ, ಅಮ್ಮನಿಗೆ ಕನ್ನಡಕ ಹಾಕಿ, ಗಡಿಯಾರ ತೋರಿಸಿ, ಬೆಳಗಾಗುವವರೆಗೆ ಬಿಡುವಾದಾಗಲೆಲ್ಲ ಬಂದು ಕೈ ಹಿಡಿದು ನಿಂತರು.

ಹಾಸಿಗೆ ಹುಣ್ಣಿನ ಭಯ ನನಗೆ ಎಲ್ಲಕ್ಕಿಂತ ಹೆಚ್ಚಾಗಿತ್ತು. ಒಂದೇ ಮಗ್ಗುಲಲ್ಲಿ ಮಲಗಿದರೆ ಮೂಳೆಯ ಏಣಿನ ಮೇಲಿನ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯದೆ ಅದು ಕೊಳೆಯತೊಡಗುತ್ತದೆ. ಸಿಸ್ಟರ್‌ಗಳು ಎರಡು ಗಂಟೆಗೊಮ್ಮೆ ಬಂದು, ಕಾಲುಗಳ ನಡುವೆ ದಿಂಬಿಟ್ಟು, ಜೋಪಾನವಾಗಿ ಹೊರಳಿಸಿ, ಬೆನ್ನನ್ನೂ ಹಿಮ್ಮಡಿಯನ್ನೂ ನೋಡಿ ಹೋಗುತ್ತಿದ್ದರು. ನಮ್ಮ ಊರ ಕಡೆಯವರಿಗೆ ಈ ಕೆಲಸದ ಬೆಲೆ ಗೊತ್ತು. ಹೊನ್ನಾವರದ ಬಳಿಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. 1973ರಲ್ಲಿ ಅಲ್ಲಿಯೇ ದೌರ್ಜನ್ಯಕ್ಕೆ ತುತ್ತಾಗಿ ಹಾಸಿಗೆ ಹಿಡಿದ ಅವರನ್ನು, 2015ರಲ್ಲಿ ತೀರಿಕೊಳ್ಳುವವರೆಗೆ ಸುಮಾರು 42 ವರ್ಷ, ಆ ಆಸ್ಪತ್ರೆಯ ದಾದಿಯರೇ ತಲೆಮಾರಿನಿಂದ ತಲೆಮಾರಿಗೆ ನೋಡಿಕೊಂಡರು. ಅಷ್ಟು ದೀರ್ಘಕಾಲದಲ್ಲಿ ಹಾಸಿಗೆ ಹುಣ್ಣಾಗದಂತೆ ಕಾಪಾಡಿದ ಆ ಶುಶ್ರೂಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಮೆಚ್ಚಿಕೊಂಡಿತು. ಅಮ್ಮ ಈ ಕಥೆಯನ್ನು ಬಲ್ಲವರು. “ಅವಳನ್ನು ಹೊರಳಿಸಿದ ಹಾಗೆ ನನ್ನನ್ನೂ ಹೊರಳಿಸ್ತಾರೆ” ಎಂದು ಒಂದು ಸಂಜೆ ಮೆಲ್ಲಗೆ ಹೇಳಿದರು.

ಇದೆಲ್ಲ ನಡೆದದ್ದು ತುಂಬಿ ತುಳುಕುವ ವಾರ್ಡಿನಲ್ಲಿ. ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬ ದಾದಿ ಇರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಹೇಳುತ್ತದೆ. ನಾನು ಕಂಡ ರಾತ್ರಿಗಳಲ್ಲಿ ಇಡೀ ವಾರ್ಡಿಗೆ ಇಬ್ಬರೇ ಇದ್ದರು. ಬಿಡುಗಡೆಯ ದಿನ ತೃಪ್ತಿಯ ನಮೂನೆಯೊಂದನ್ನು ಕೊಟ್ಟಾಗ ಎಲ್ಲ ಸಾಲುಗಳಲ್ಲಿಯೂ ‘ಉತ್ತಮ’ ಎಂದು ಗುರುತು ಹಾಕಿದೆ. ಮುಷ್ಟಿಯನ್ನು ನೋಡಿದವರ ಬಗ್ಗೆ ಬರೆಯಲು ಅದರಲ್ಲಿ ಸ್ಥಳವಿರಲಿಲ್ಲ. ಆರೈಕೆ ಇಷ್ಟು ಚೆನ್ನಾಗಿದೆಯೆಂಬುದೇ ದಾದಿಯರ ಸಂಖ್ಯೆ ಹೆಚ್ಚಿಸದಿರಲು ನೆಪವಾಗದಿರಲಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಬೆಳಿಗ್ಗೆ ಅಮ್ಮನ ತಲೆ ಬಾಚಿ ಜಡೆ ಹಾಕುತ್ತಿದ್ದ, ಎಲ್ಲರೂ ಮಾವಶಿ ಎಂದು ಕರೆಯುವ ವಾರ್ಡಿನ ಆಯಾಗೂ ನಮ್ಮ ನಮಸ್ಕಾರ. ಅದು ಅವರ ಕೆಲಸವಾಗಿರಲಿಲ್ಲ.

ಬರುವ ಸೋಮವಾರ ತಪಾಸಣೆಗೆ ಬರುತ್ತಿದ್ದೇವೆ. ಲಿಫ್ಟಿನಿಂದ ವಾರ್ಡಿನವರೆಗೆ ಗಾಲಿಕುರ್ಚಿ ಬೇಡ, ನಡೆದೇ ಬರುತ್ತೇನೆ ಎಂದು ಅಮ್ಮ ಹಟ ಹಿಡಿದಿದ್ದಾರೆ. ಬೆಳಗಿನ ಪಾಳಿ ಬದಲಾಗುವ ಮೊದಲೇ ತಲುಪಬೇಕೆಂದು ಬೇಗನೆಯ ಲೋಕಲ್ ಹಿಡಿಯಲು ಈಗಿನಿಂದಲೇ ಹೇಳುತ್ತಿದ್ದಾರೆ.