ಹತ್ತು ಪಟ್ಟು ಪಾಯಿಂಟಿನ ಲೆಕ್ಕ

ಚಿ. ಸುಮಂತನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಎಸ್‌ಬಿಐ ಕಾರ್ಡ್ ಕಂಪನಿಯ ಸಿಂಪ್ಲಿಕ್ಲಿಕ್, ಕ್ಯಾಶ್‌ಬ್ಯಾಕ್, ಬಿಪಿಸಿಎಲ್ (ಭಾರತ್ ಪೆಟ್ರೋಲಿಯಂ) ಎಂಬ ಮೂರು ಕ್ರೆಡಿಟ್ ಕಾರ್ಡುಗಳ ವಿವರ ಕಳಿಸಿ, ಯಾವುದಕ್ಕೆ ಅರ್ಜಿ ಹಾಕಲೆಂದು ಕೇಳಿದ್ದೀಯೆ. ‘ಹತ್ತು ಪಟ್ಟು ರಿವಾರ್ಡ್ ಪಾಯಿಂಟ್’ ಎಂಬ ಮಾತು ನಿನ್ನ ಕಣ್ಣಿಗೆ ಬಿದ್ದದ್ದು ಸಹಜವೇ. ಆದರೆ ಪಾಯಿಂಟನ್ನು ರೂಪಾಯಿಗೆ ಇಳಿಸಿ ನೋಡುವ ತನಕ ಒಂದು ಕಾರ್ಡನ್ನು ಇನ್ನೊಂದರೊಡನೆ ತೂಗಬೇಡ. ಸಿಂಪ್ಲಿಕ್ಲಿಕ್ ಕಾರ್ಡಿನಲ್ಲಿ ನಾಲ್ಕು ಪಾಯಿಂಟಿಗೆ ಒಂದು ರೂಪಾಯಿ. ಮಿಂತ್ರಾ, ಬುಕ್‌ಮೈಶೋದಂತಹ ಗೊತ್ತುಪಡಿಸಿದ ಕಡೆ 100 ರೂಪಾಯಿಗೆ ಹತ್ತು ಪಾಯಿಂಟ್ ಬಂದರೂ ದಕ್ಕುವುದು ಎರಡೂವರೆ ರೂಪಾಯಿ; ಉಳಿದ ಆನ್‌ಲೈನ್ ಖರೀದಿಗೆ ಒಂದೂಕಾಲು. ಕ್ಯಾಶ್‌ಬ್ಯಾಕ್ ಕಾರ್ಡಾದರೋ, ಆನ್‌ಲೈನಿನಲ್ಲಿ ಯಾವ ಅಂಗಡಿಯೆಂದು ನೋಡದೆ ನೂರಕ್ಕೆ ಐದು ರೂಪಾಯಿಯನ್ನೂ, ನೇರವಾಗಿ ಅಂಗಡಿಯಲ್ಲಿ ಕೊಂಡರೆ ಒಂದು ರೂಪಾಯಿಯನ್ನೂ ಬಿಲ್ಲಿಗೆ ತಾನಾಗಿಯೇ ಜಮಾ ಮಾಡುತ್ತದೆ. ಪಾಯಿಂಟ್ ಕೂಡಿಟ್ಟು ವೋಚರ್ ಪಡೆಯುವ ತಾಳ್ಮೆ ನಿನಗಿಲ್ಲವೆಂಬುದು ಮನೆಮಂದಿಗೆಲ್ಲ ಗೊತ್ತಿರುವುದರಿಂದ ನನ್ನ ಒಲವು ಇದರ ಕಡೆಗೇ.

ಇದರ ವಾರ್ಷಿಕ ಶುಲ್ಕ 999 ರೂಪಾಯಿ, ಸಿಂಪ್ಲಿಕ್ಲಿಕ್‌ನದು 499, ಜಿಎಸ್‌ಟಿ ಬೇರೆ. ವರ್ಷದಲ್ಲಿ ಕ್ರಮವಾಗಿ ಎರಡು ಲಕ್ಷ, ಒಂದು ಲಕ್ಷ ಖರ್ಚಾದರೆ ಮುಂದಿನ ಶುಲ್ಕ ಮಾಫಿ.

ಆದರೆ ಐದು ರೂಪಾಯಿ ಎಲ್ಲದಕ್ಕೂ ಸಿಗುತ್ತದೆಂದು ತಿಳಿಯಬೇಡ. ಮನೆಬಾಡಿಗೆ, ಕರೆಂಟ್ ಬಿಲ್, ವಿಮೆಯ ಕಂತು, ಪೆಟ್ರೋಲ್, ಚಿನ್ನ, ಊರಿಗೆ ಬರುವ ರೈಲಿನ ಟಿಕೆಟ್, ವಾಲೆಟ್‌ಗೆ ತುಂಬುವ ಹಣ ಇವಕ್ಕೆ ಬಿಡಿಗಾಸೂ ಇಲ್ಲ. ಉಳಿದದ್ದಕ್ಕೂ ತಿಂಗಳ ಮಿತಿಯುಂಟು. ನಿನ್ನ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಇವನ್ನೆಲ್ಲ ಪೆನ್ಸಿಲಿನಿಂದ ಹೊಡೆದು ಹಾಕಿ, ಉಳಿದ ಆನ್‌ಲೈನ್ ಖರೀದಿಗೆ ಮಾತ್ರ ಐದರ ಲೆಕ್ಕ ಹಾಕು. ದರ, ಷರತ್ತುಗಳನ್ನು ಕಂಪನಿ ಆಗಾಗ ಬದಲಿಸುವುದರಿಂದ ಅರ್ಜಿ ಹಾಕುವ ದಿನ ಇನ್ನೊಮ್ಮೆ ಓದಿಕೋ.

ಬಿಪಿಸಿಎಲ್ ಕಾರ್ಡಿನ ಆಸೆ ಬಿಡು. ಅವರದೇ ಬಂಕಿನಲ್ಲಿ 100 ರೂಪಾಯಿ ಪೆಟ್ರೋಲಿಗೆ 13 ಪಾಯಿಂಟ್, ಅಂದರೆ ಮೂರೂಕಾಲು ರೂಪಾಯಿ. ನಿನ್ನ ಬೈಕಿಗೆ ತಿಂಗಳಿಗೆ 2,000 ಹಾಕಿಸಿದರೂ ವರ್ಷಕ್ಕೆ ಬರುವುದು 780; ಆ ಕಾರ್ಡಿನಲ್ಲಿ ವರ್ಷಕ್ಕೆ 50,000 ಖರ್ಚಾಗದಿದ್ದರೆ ಅದರಲ್ಲಿ ಜಿಎಸ್‌ಟಿ ಸೇರಿ ಸುಮಾರು 589 ಶುಲ್ಕಕ್ಕೇ ಹೋಗುತ್ತದೆ.

ಕಾರ್ಡು ಕೈಸೇರಿದ ದಿನವೇ ಬ್ಯಾಂಕ್ ಖಾತೆಯಿಂದ ಆಟೋ ಡೆಬಿಟ್ ಮಾಡಿಸು. ಅದರಲ್ಲಿ ‘ಕನಿಷ್ಠ ಮೊತ್ತ’ವನ್ನಲ್ಲ, ‘ಪೂರ್ಣ ಮೊತ್ತ’ವನ್ನೇ ಆರಿಸು. ಬಾಕಿಯ ಮೇಲಿನ ಬಡ್ಡಿ ತಿಂಗಳಿಗೆ ಶೇ. 3ಕ್ಕೂ ಹೆಚ್ಚು.

ಇಂತಿ,
ನಿನ್ನ ದೊಡ್ಡಪ್ಪ