‘ಬ್ರಿಟಿಷರು ಒಯ್ದರು’ ಅಂದರೆ ಸಾಕೇ?

ಮಾನ್ಯ ಸಂಪಾದಕರೇ,

ಟಿಪ್ಪುವಿನ ಕತ್ತಿಯೋ ಕೋವಿಯೋ ಲಂಡನ್ನಿನಲ್ಲಿ ಹರಾಜಿಗೆ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಸುದ್ದಿ ಬರುತ್ತದೆ. ಹೆಚ್ಚಾಗಿ ಅದೇ ಸಾಲು: ‘1799ರಲ್ಲಿ ಬ್ರಿಟಿಷರು ಒಯ್ದಿದ್ದು’. ಹೋದ ಬೇಸಿಗೆ ರಜೆಯಲ್ಲಿ ಮೊಮ್ಮಗನಿಗೆ ಶ್ರೀರಂಗಪಟ್ಟಣದ ಕೋಟೆ ತೋರಿಸುತ್ತ ನಾನೂ ಅದನ್ನೇ ಹೇಳಿದೆ. ‘ತಾತ, ಬ್ರಿಟಿಷರು ಅಂದ್ರೆ ಯಾರು? ಅವರಿಗೆ ಹೆಸರಿರಲಿಲ್ವಾ?’ ಅಂದ. ಜೀವನವಿಡೀ ಇತಿಹಾಸ ಪಾಠ ಮಾಡಿದ ನಾನು ತಬ್ಬಿಬ್ಬಾದೆ.

ಹೆಸರಿತ್ತು. ಒಂದು ಮನೆತನದ ಕಥೆಯನ್ನಷ್ಟೇ ಇಲ್ಲಿ ಹೇಳುತ್ತೇನೆ.

ರಾಬರ್ಟ್ ಕ್ಲೈವ್ ಇಂಗ್ಲೆಂಡಿನ ಶ್ರಾಪ್‌ಶೈರ್ ಕಡೆಯವನು. 1744ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನಾಗಿ ಮದ್ರಾಸಿಗೆ ಬಂದ. 1757ರಲ್ಲಿ ಬಂಗಾಳದ ಪ್ಲಾಸಿ ಯುದ್ಧ ಗೆದ್ದ. ಅಲ್ಲಿವರೆಗೆ ನಮ್ಮ ಮಕ್ಕಳೂ ಓದುತ್ತಾರೆ. ಆ ಗೆಲುವಿನಿಂದ ಬಂಗಾಳದ ನವಾಬನಾದ ಮೀರ್ ಜಾಫರ್ ಕೊಟ್ಟ ಸುಮಾರು 2,34,000 ಪೌಂಡ್, ಅದರ ಮೇಲೆ ವರ್ಷಕ್ಕೆ 27,000 ಪೌಂಡ್ ಬರುವ ಜಾಗೀರು, ಇವೆಲ್ಲ ಊರಿಗೆ ಹೋಗಿ ಏನಾಯಿತು ಅನ್ನೋದನ್ನು ಮಾತ್ರ ಯಾರೂ ಓದಿಸುವುದಿಲ್ಲ.

ಅದು ಪಾರ್ಲಿಮೆಂಟಿನ ಸೀಟುಗಳಾಯಿತು. ಆಗ ಅಲ್ಲಿ ಓಟು ಹಾಕುವವರೇ ಬೆರಳೆಣಿಕೆ. ಜಮೀನು ಕೊಂಡರೆ ಓಟು ಜೊತೆಯಲ್ಲೇ ಬರುತ್ತಿತ್ತು. 1761ರಲ್ಲಿ ಕ್ಲೈವ್ ಶ್ರೂಸ್‌ಬರಿಯ ಸದಸ್ಯನಾದ. ಅವನ ಅಪ್ಪ, ತಮ್ಮ, ಚಿಕ್ಕಪ್ಪನ ಕಡೆಯ ಜಾರ್ಜ್, ಕೊನೆಗೆ ಮಗ ಎಡ್ವರ್ಡ್, ಎಲ್ಲರೂ ಒಂದಲ್ಲ ಒಂದು ಸಮಯದಲ್ಲಿ ಒಳಗೆ ಕೂತವರೇ. 1762ರಲ್ಲಿ ಅವನಿಗೆ ‘ಪ್ಲಾಸಿಯ ಬ್ಯಾರನ್’ ಪಟ್ಟ ಸಿಕ್ಕಿತು. ಅದು ಐರ್ಲೆಂಡಿನ ಪಟ್ಟ, ಬ್ರಿಟನ್ನಿನ ಪಟ್ಟವಾಗಿದ್ದರೆ ಮೇಲ್ಮನೆಗೆ ಹೋಗಬೇಕಿತ್ತು. ಹಾಗಾಗಿ ಪಟ್ಟವೂ ಉಳಿಯಿತು, ಕೆಳಮನೆಯ ಸೀಟೂ ಉಳಿಯಿತು. ದುಡ್ಡೇ ದೊಡ್ಡಪ್ಪ ಅನ್ನೋದು ಅಲ್ಲೂ ನಿಜ, ಅಲ್ವಾ? 1773ರಲ್ಲಿ ಅದೇ ಪಾರ್ಲಿಮೆಂಟು ಅವನ ಸಂಪಾದನೆಯ ಲೆಕ್ಕ ಕೇಳಿತು. ಕೊನೆಗೆ, ದೇಶಕ್ಕೆ ದೊಡ್ಡ ಸೇವೆ ಮಾಡಿದ್ದಾನೆ ಎಂದು ನಿರ್ಣಯ ಮಾಡಿ ಕಳಿಸಿತು.

ಈಗ ನಮ್ಮ ಊರಿನ ವಿಷಯ. 1799ರ ಮೇ 4ರಂದು ಟಿಪ್ಪು ಬಿದ್ದಾಗ ಮದ್ರಾಸಿನ ಗವರ್ನರ್ ಕುರ್ಚಿಯಲ್ಲಿದ್ದವನು ಈ ಎಡ್ವರ್ಡ್ ಕ್ಲೈವ್. ಯುದ್ಧ ಅವನದಲ್ಲ. ಗವರ್ನರ್ ಜನರಲ್ ವೆಲ್ಲೆಸ್ಲಿ ಕಲ್ಕತ್ತೆಯಿಂದ ಖುದ್ದಾಗಿ ಮದ್ರಾಸಿಗೆ ಬಂದು ಕೂತು ನಡೆಸಿದ್ದು. ಅವನ ತಮ್ಮಂದಿರಿಬ್ಬರಿಗೂ ಇಲ್ಲೇ ಕೆಲಸ. ಅದು ಬೇರೆ ಮನೆತನ, ಅದಕ್ಕೆ ಬೇರೆ ಪತ್ರವೇ ಬೇಕು. ಆದರೆ ಪಾಲು ಹಂಚುವಾಗ ಕ್ಲೈವ್ ಮನೆಗೂ ಬಂತು. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿದರು. ಅದರ ಕಟಾಂಜನದ ಮೇಲಿದ್ದ ಪುಟ್ಟ ಹುಲಿತಲೆಗಳಲ್ಲಿ ಒಂದು, ಚಿನ್ನದ ತಗಡಿಗೆ ಹರಳು ಕೂರಿಸಿದ್ದು, ಇವತ್ತು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ.

ಎಡ್ವರ್ಡ್‌ನ ಹೆಂಡತಿ ಹೆನ್ರಿಯೆಟಾ ಆ ಕೋಟೆಯ ಹರ್ಬರ್ಟ್ ಮನೆತನದ ಮಗಳು. ಆ ಮನೆತನದ ಹೆಸರು ಹಳೆಯದು, ಸಾಲ ಜಾಸ್ತಿ. ಕ್ಲೈವ್‌ಗಳಿಗೆ ದುಡ್ಡಿತ್ತು, ವಂಶದ ಹೆಸರು ಬೇಕಿತ್ತು. ಸಂಬಂಧ ಕೂಡಿತು. ಟಿಪ್ಪು ಸತ್ತ ಮರುವರ್ಷ ಆಕೆ ಇಬ್ಬರು ಹೆಣ್ಣುಮಕ್ಕಳ ಜೊತೆ ಮದ್ರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲ ಸುತ್ತಿದಳು. ಚಿಕ್ಕವಳು ಶಾರ್ಲೆಟ್ ಮುಂದೆ ಡ್ಯೂಕ್ ಒಬ್ಬನ ಹೆಂಡತಿಯಾಗಿ, ರಾಣಿಯಾಗುವ ಮೊದಲಿನ ವಿಕ್ಟೋರಿಯಾಗೆ ಶಿಕ್ಷಣದ ಮೇಲ್ವಿಚಾರಕಿಯಾದಳು. ನರ್ಸರಿಗಳಲ್ಲಿ ಕಿತ್ತಳೆ ಬಣ್ಣದ ಹೂವಿನ ಕ್ಲೈವಿಯಾ ಗಿಡ ಸಿಗುತ್ತದಲ್ಲ, ಆ ಹೆಸರು ಈಕೆಯದೇ. ನಮ್ಮನೆ ಕುಂಡದಲ್ಲೂ ಒಂದಿದೆ, ಸುಮ್ನೆ ಹೇಳಿದೆ.

1804ರಲ್ಲಿ ಎಡ್ವರ್ಡ್ ಪೋವಿಸ್‌ನ ಅರ್ಲ್ ಆದ, ಅದು ಬ್ಯಾರನ್‌ಗಿಂತ ದೊಡ್ಡ ಪಟ್ಟ. 1807ರಲ್ಲಿ ಅವನ ಹಿರಿಮಗ ತಾಯಿಯ ಮನೆತನದ ಆಸ್ತಿಗಾಗಿ ಕ್ಲೈವ್ ಹೆಸರನ್ನೇ ಬಿಟ್ಟು ಹರ್ಬರ್ಟ್ ಆದ. ಹೀಗಾಗಿ ಮೂರನೇ ತಲೆಮಾರಿಗೆ ಪ್ಲಾಸಿಯ ದುಡ್ಡಿನ ಗುರುತು ಹೆಸರಿನಲ್ಲೂ ಉಳಿಯಲಿಲ್ಲ.

ಆ ಕೋಟೆಯಲ್ಲಿ ಟಿಪ್ಪುವಿನ ಡೇರೆಯೂ ಇದೆ. ಬಿಳಿ ಹತ್ತಿ ಬಟ್ಟೆ, ಅದರ ತುಂಬ ಹೂದಾನಿಯಿಂದ ಎದ್ದ ಕೆಂಪು ಹೂ, ಹಸಿರು ಎಲೆಯ ಚಿಂಟ್ಜ್ (ಬಟ್ಟೆಯ ಮೇಲೆ ಬಣ್ಣದಲ್ಲಿ ಮೂಡಿಸಿದ) ಚಿತ್ರ. ಆ ಮನೆಯವರು ಅದನ್ನು ತೋಟದ ಪಾರ್ಟಿಗಳಿಗೆ ಶಾಮಿಯಾನದ ಹಾಗೆ ಬಳಸುತ್ತಿದ್ದರು. ಹುಲಿತಲೆಗಿಂತ ಇದೇ ನನ್ನನ್ನು ಜಾಸ್ತಿ ಕಾಡುವುದು. ಚಿನ್ನವನ್ನಾದರೆ ಕಪಾಟಿನಲ್ಲಿಟ್ಟರು, ಡೇರೆಯ ಕೆಳಗೆ ಕೂತು ಚಹಾ ಕುಡಿದಿರುತ್ತಾರೆ.

ವಸ್ತು ವಾಪಸ್ ಬರಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ನನ್ನ ಕೋರಿಕೆ ಸಣ್ಣದು. ಮುಂದಿನ ಸಲ ಹರಾಜಿನ ಸುದ್ದಿ ಹಾಕುವಾಗ ಬೆಲೆಯ ಜೊತೆಗೆ ಇನ್ನೊಂದು ಸಾಲು ಸೇರಿಸಿ: ಒಯ್ದವನು ಯಾರು, ಇಲ್ಲಿ ಅವನ ಹುದ್ದೆ ಏನು, ಇಷ್ಟು ವರ್ಷ ಅದು ಯಾರ ಮನೆಯಲ್ಲಿತ್ತು. ಮೊಮ್ಮಗನಿಗೆ ಆ ಕಟಿಂಗನ್ನೇ ಕೊಡುತ್ತೇನೆ.

ಇಂತಿ,
ನಿವೃತ್ತ ಇತಿಹಾಸ ಮೇಷ್ಟ್ರು, ಪಾಂಡವಪುರ